ಇಲಿಯ ಕಿವಿಯಲ್ಲಿ ನೀಲಿ ಹುಡುಕಿದ್ದು

ದಾವಣಗೆರೆಯಲ್ಲಿ ಫಿಸಿಯಾಲಜಿ ಎಂ.ಡಿ. ಓದುವಾಗ ಥೀಸಿಸ್‌ಗೆ ಒಳಕಿವಿಯ ನೈಟ್ರಿಕ್ ಆಕ್ಸೈಡ್ ಹಿಡಿದುಕೊಂಡೆ. ಅಪ್ಪ ಹತ್ತಿ ಮಿಲ್ಲಿನಲ್ಲಿ ಮಗ್ಗದ ಸದ್ದಿನ ನಡುವೆ ದುಡಿದವರು, ಕಿವಿ ಮಂದ. ಜೋರು ಸದ್ದಿಗೆ ಒಳಕಿವಿಯ ಸುರುಳಿಯಾದ ಕಾಕ್ಲಿಯಾದಲ್ಲಿ ಈ ಅನಿಲ ಹೆಚ್ಚುತ್ತದೆ, ಸೂಪರ್‌ಆಕ್ಸೈಡ್ ಜೊತೆ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ಕಟು ವಸ್ತುವಾಗಿ ಸದ್ದು ಗ್ರಹಿಸುವ ರೋಮಕೋಶಗಳನ್ನು ಕೆಡಿಸುತ್ತದೆ ಎಂದು ಓದಿದ ಮೇಲೆ ಬಿಡಲಾಗಲಿಲ್ಲ. ಹಾಗಂತ ಅದು ಬರೀ ವಿಷವೂ ಅಲ್ಲ. ಹದದಲ್ಲಿದ್ದರೆ ಗ್ವಾನೈಲೇಟ್ ಸೈಕ್ಲೇಸ್ ಕಿಣ್ವವನ್ನು ಎಬ್ಬಿಸಿ, ಸಿಜಿಎಂಪಿ ಎಂಬ ಸಂದೇಶದ ಅಣುವನ್ನು ಏರಿಸಿ, ಸಣ್ಣ ರಕ್ತನಾಳಗಳನ್ನು ಸಡಿಲಿಸುತ್ತದೆ. 1998ರ ವೈದ್ಯಕೀಯ ನೊಬೆಲ್ ಬಂದದ್ದು ಇದು ದೇಹದಲ್ಲಿ ಸಂಕೇತ ಸಾಗಿಸುತ್ತದೆ ಎಂದು ಕಂಡುಕೊಂಡದ್ದಕ್ಕೇ.

ಕೆಲವೇ ಸೆಕೆಂಡು ಬಾಳುವ ಅನಿಲ ಕೈಗೆಲ್ಲಿ ಸಿಗುತ್ತದೆ? ಅದನ್ನು ತಯಾರಿಸುವ ಕಿಣ್ವವನ್ನು ಹುಡುಕಬೇಕು. ಅಂಗಾಂಶದ ತೆಳು ಚೂರಿಗೆ, ಕಿಣ್ವಕ್ಕೆ ಎಲೆಕ್ಟ್ರಾನ್ ಕೊಡುವ ಎನ್‌ಎಡಿಪಿಎಚ್, ಅದನ್ನು ಪಡೆದು ನೀಲಿಯಾಗುವ ನೈಟ್ರೋಬ್ಲೂ ಟೆಟ್ರಜೋಲಿಯಂ ಹಾಕಿ 37 ಡಿಗ್ರಿಯಲ್ಲಿಟ್ಟರೆ ಕಿಣ್ವವಿದ್ದಲ್ಲಿ ನೀಲಿ ಕೂರುತ್ತದೆ.

ತಲೆನೋವೆಂದರೆ ಕಾಕ್ಲಿಯಾ ಸುತ್ತಲಿನ ಮೂಳೆ, ಅದು ಮೆತ್ತಗಾಗದೆ ತೆಳು ಚೂರು ಕತ್ತರಿಸಲಾಗದು. ಇಲಿಯ ಕಾಕ್ಲಿಯಾ ಜೋಳದ ಕಾಳಿನಷ್ಟು, ಸುತ್ತು ನಮ್ಮ ಹಾಗೇ ಸುಮಾರು ಎರಡೂವರೆ. ಅವಸರಕ್ಕೆ ಮೊದಲ ಬ್ಯಾಚನ್ನು ನೈಟ್ರಿಕ್ ಆಸಿಡ್‌ಗೆ ಹಾಕಿದೆ. ಮೂಳೆ ಮೆತ್ತಗಾಯಿತು, ಕಿಣ್ವವೂ ಸತ್ತಿತು. ನೈಟ್ರಿಕ್ ಹುಡುಕಲು ನೈಟ್ರಿಕ್ಕೇ ಹಾಕಿದೆಯಾ ಅಂತ ಜೂನಿಯರ್‌ಗಳು ವಾರಗಟ್ಟಲೆ ಕಾಡಿದರು. ಆಮೇಲೆ ಸುಣ್ಣವನ್ನು ನಿಧಾನಕ್ಕೆ ಹೀರುವ ಇಡಿಟಿಎ, ಶೇ. 10ರದು, ಫ್ರಿಜ್‌ನಲ್ಲಿ. ದಿನ ಬಿಟ್ಟು ದಿನ ದ್ರಾವಣ ಬದಲಿಸಿ, ಅಂಚಿಗೆ ಸೂಜಿ ಚುಚ್ಚಿ ನೋಡುತ್ತಿದ್ದೆ. ಕರಕ್ ಎಂದರೆ ಒಳಗೆ ಸುಣ್ಣ ಉಳಿದಿದೆ. ಹನ್ನೊಂದನೇ ದಿನ ಸೂಜಿ ಸದ್ದಿಲ್ಲದೆ ಇಳಿಯಿತು.

ಬಣ್ಣವೂ ಬಂತು. ಎಲ್ಲೆಲ್ಲೂ ನೀಲಿ! ಎಲ್ಲರಿಗೂ ಬೆಣ್ಣೆದೋಸೆ ಕೊಡಿಸಿ ಬಂದೆ. ಗೈಡ್ ಮೇಡಂ ಸ್ಲೈಡ್ ನೋಡಿ ಕೇಳಿದ್ದು ಒಂದೇ: "ಫಿಕ್ಸ್ ಮಾಡುವಾಗ ಲಿವರ್ ಬಿಳುಚಿತ್ತೇನ್ರೀ?"

ಬಿಳುಚಿರಲಿಲ್ಲ. ಅಂಗಾಂಶ ಕೆಡದಂತೆ ಹಿಡಿದಿಡಲು, ಅಂದರೆ ಫಿಕ್ಸ್ ಮಾಡಲು, ಇಲಿಯ ಹೃದಯಕ್ಕೆ ಸೂಜಿ ಹಾಕಿ ಪ್ಯಾರಾಫಾರ್ಮಾಲ್ಡಿಹೈಡ್ ಹರಿಸಬೇಕು; ರಕ್ತ ತೊಳೆದುಹೋದರೆ ಲಿವರ್ ಬಿಳುಚುತ್ತದೆ. ನನ್ನ ಸೂಜಿ ಜಾರಿ ಅದು ಸರಿಯಾಗಿ ಹರಿದಿರಲಿಲ್ಲ, ಲಿವರ್ ಕೆಂಪಗೇ ಇತ್ತು, ನೋಡಿಯೂ ಸುಮ್ಮನಿದ್ದೆ. ಡಯಾಫೊರೇಸ್ ಎಂಬ ಬೇರೆ ಕಿಣ್ವಗಳೂ ಇದೇ ನೀಲಿ ಕೊಡುತ್ತವೆ. ಚೆನ್ನಾಗಿ ಫಿಕ್ಸ್ ಆದರೆ ಅವು ಸಾಯುತ್ತವೆ, ನಮಗೆ ಬೇಕಾದ್ದು ತಡೆದುಕೊಳ್ಳುತ್ತದೆ. ನಾನು ಕುಣಿದದ್ದು ಕಸದ ಬಣ್ಣ ನೋಡಿ.

ಮೂರನೇ ಸಲ ಬಾಲ ಸೆಟೆದು, ಲಿವರ್ ಬಿಳುಚುವ ತನಕ ಸೂಜಿ ಬಿಡಲಿಲ್ಲ. ಈ ಸಲ ನೀಲಿ ಬಹಳ ಕಡಿಮೆ. ಸದ್ದನ್ನು ಮೆದುಳಿಗೆ ಸಾಗಿಸುವ ನರಕೋಶಗಳ ಗುಂಪಾದ ಸ್ಪೈರಲ್ ಗ್ಯಾಂಗ್ಲಿಯಾನ್‌ನಲ್ಲಿ ಕೆಲವು ಕೋಶ ಮಾತ್ರ ಕಪ್ಪುನೀಲಿ, ಕಾಕ್ಲಿಯಾದ ಪಕ್ಕದ ಗೋಡೆಯಾದ ಸ್ಟ್ರಯಾ ವಾಸ್ಕುಲಾರಿಸ್‌ನ ರಕ್ತನಾಳಗಳ ಗುಂಟ ಸಣ್ಣ ಗೆರೆ. ಎನ್‌ಎಡಿಪಿಎಚ್ ಹಾಕದ ಸ್ಲೈಡ್ ಪೂರ್ತಿ ಖಾಲಿ.

ಫೋಟೊ ತೋರಿಸಿದರೆ ಅಪ್ಪ ಮೊಬೈಲ್ ದೂರ ಹಿಡಿದು, "ಇದ್ರಾಗ ಸದ್ದು ಎಲ್ಲಿ ಹೋಗ್ತತಿ?" ಅಂದರು. ಗ್ಯಾಂಗ್ಲಿಯಾನ್ ಮೇಲೆ ಬೆರಳಿಟ್ಟು ಹೇಳಿದೆ. ಎರಡು ಸಲ, ಜೋರಾಗಿ.