ನೆರಳಿನಿಂದ ಬಯಲಿಗೆ: ಸಸ್ಯ ಸಮುದಾಯದ ಕ್ಷೇತ್ರಾಧ್ಯಯನ

ಸಸ್ಯ ಸಮುದಾಯವನ್ನು ಅಧ್ಯಯನ ಮಾಡಲು ಹೊರಡುವ ವಿದ್ಯಾರ್ಥಿಗಳು ಮೊದಲು ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ಉದಾಹರಣೆಗೆ, ಮರದ ನೆರಳಿನಿಂದ ಬಯಲಿಗೆ ಸರಿದಂತೆ ನೆಲದ ಗಿಡಗಳು ಹೇಗೆ ಬದಲಾಗುತ್ತವೆ? ಮರದ ಬುಡದಿಂದ 20 ಮೀಟರ್ ಉದ್ದಕ್ಕೆ ಅಳತೆಪಟ್ಟಿಯನ್ನು ಹಾಸಿ, ಪ್ರತಿ 2 ಮೀಟರಿಗೊಮ್ಮೆ 1 ಮೀಟರ್ ಬದಿಯ ಚೌಕಟ್ಟನ್ನಿಟ್ಟು, ಅದರೊಳಗಿನ ಪ್ರಭೇದಗಳನ್ನೂ ಪ್ರತಿಯೊಂದೂ ಆವರಿಸಿದ ನೆಲದ ಶೇಕಡಾವಾರು ಪ್ರಮಾಣವನ್ನೂ ಬೆಳಕು ಮತ್ತು ಮಣ್ಣಿನ ತೇವದ ಅಳತೆಗಳೊಂದಿಗೆ ದಾಖಲಿಸಬೇಕು. ಹೆಸರು ತಿಳಿಯದ ಗಿಡಕ್ಕೆ ‘ಗಿಡ 1’ ಎಂಬ ಗುರುತು ಸಾಕು, ಆದರೆ ಅದು ಕೊನೆಯವರೆಗೂ ಬದಲಾಗಬಾರದು. ಚೆಂದದ ಗಿಡವಿರುವ ಕಡೆಗೆ ಚೌಕಟ್ಟನ್ನು ಸರಿಸುವ ಆಸೆ ಎಲ್ಲರಿಗೂ (ಶಿಕ್ಷಕರಿಗೂ!) ಬರುತ್ತದೆ, ಅದಕ್ಕೆ ಮಣಿದರೆ ದತ್ತಾಂಶವೇ ಕೆಡುತ್ತದೆ. ಬೇರೆ ಮರಗಳ ಬಳಿಯೂ ಇದನ್ನೇ ಪುನರಾವರ್ತಿಸಬೇಕು. ಎರಡು ಪ್ರಭೇದಗಳು ಪದೇ ಪದೇ ಜೊತೆಯಾಗಿ ಕಂಡರೂ ಅವು ಪರಸ್ಪರ ಅವಲಂಬಿಸಿವೆಯೆಂದು ತೀರ್ಮಾನಿಸಲಾಗದು, ಏಕೆಂದರೆ ಎರಡಕ್ಕೂ ಒಂದೇ ಬಗೆಯ ನೆರಳು ಒಗ್ಗಿರಬಹುದು.