ಟ್ರೇಲರಿನ ಜೊತೆ ಹೊರಡುವ ಪ್ಲಗ್ಗಿನ ಡಬ್ಬಿ

“ರೀ, ಏನೋ ಸುಟ್ಟ ವಾಸನೆ ಬರ್ತಿದೆ” ಅಂದಳು ಹೆಂಡತಿ. ಆಗ ಒಲೆಯನ್ನೇ ಹಚ್ಚಿರಲಿಲ್ಲ.

ಜುಲೈ ತಿಂಗಳ ಒಂದು ಶನಿವಾರ ಸಂಜೆ. ಅಮೆರಿಕದ ಯೂಟಾದಲ್ಲಿ ಝಯಾನ್ ನ್ಯಾಷನಲ್ ಪಾರ್ಕ್ ಸುತ್ತಿ ಬಂದು, ಹತ್ತಿರದ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ನಿಲ್ಲಿಸಿದ್ದೆವು. ಹೊರಗೆ ಮೈ ಸುಡುವ ಬಿಸಿಲು. ಪ್ರತಿ ಸೈಟಿನ ಪಕ್ಕದಲ್ಲೂ ಕರೆಂಟಿನ ಒಂದು ಗಿಡ್ಡ ಕಂಬ ಇರುತ್ತದೆ, ಇಲ್ಲಿಯವರು ಪೆಡೆಸ್ಟಲ್ ಅನ್ನುತ್ತಾರೆ. ಹೋಗಿ ನೋಡಿದರೆ ನಮ್ಮ ಪ್ಲಗ್ಗಿನ ಒಂದು ಮೂಲೆ ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತ್ತು. ಕರೆಂಟ್ ಮಿತಿ ಮೀರಿದರೆ ತಾನೇ ಕಡಿದುಹಾಕಬೇಕಾದ ಬ್ರೇಕರ್ ಮಾತ್ರ ಬಿದ್ದಿರಲಿಲ್ಲ. ಅದನ್ನು ಕೆಳಗಿಳಿಸಿ, ಪ್ಲಗ್ಗನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತೆ.

ಬ್ರೇಕರ್ ಯಾಕೆ ಬೀಳಲಿಲ್ಲ ಅನ್ನುವುದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ನಮ್ಮದು 30 ಆಂಪ್ ಟ್ರೇಲರ್. 120 ವೋಲ್ಟಿಗೆ ಗುಣಿಸಿದರೆ 3,600 ವ್ಯಾಟ್. ಚಾವಣಿಯ ಎಸಿ ಒಂದೇ ಸುಮಾರು 13 ಆಂಪ್ ಎಳೆಯುತ್ತದೆ. ಸ್ನಾನಕ್ಕೆಂದು ವಾಟರ್ ಹೀಟರನ್ನು ಗ್ಯಾಸಿನ ಬದಲು ಕರೆಂಟಿಗೆ ಹಾಕಿದ್ದೆ, ಅದು ಇನ್ನೊಂದು 12. ಇದರ ಮೇಲೆ ಇನ್‌ಸ್ಟಂಟ್ ಪಾಟಿನಲ್ಲಿ ಅನ್ನಕ್ಕಿಟ್ಟಿದ್ದಳು, 8. ಒಟ್ಟು 33. ಮಿತಿ ದಾಟಿದ್ದು ಇಷ್ಟೇ ಇಷ್ಟು ಅಂದರೆ ಬ್ರೇಕರ್ ಬಹಳ ಹೊತ್ತು ಸುಮ್ಮನಿರುತ್ತದೆ. ಆದರೆ ಸಾವಿರಾರು ಜನ ಹಾಕಿ ತೆಗೆದ ಆ ಸಾಕೆಟ್ಟು ಸಡಿಲವಾಗಿತ್ತು. ಸಡಿಲ ಇದ್ದ ಕಡೆ ಕಾವು ಹುಟ್ಟುತ್ತದೆ. ಆ ಕಾವು ಬ್ರೇಕರಿಗೆ ಕಾಣುವುದೇ ಇಲ್ಲ.

ನನ್ನ ಹತ್ತಿರ ಬದಲಿ ಪ್ಲಗ್ ಇರಲಿಲ್ಲ. ಆಫೀಸಿನಲ್ಲಿ ಕೇಳಿದರೆ ರಿಪೇರಿಯವರು ಸೋಮವಾರ ಬರುತ್ತಾರೆ ಅಂದರು. ಪಕ್ಕದ ಸೈಟಿನಲ್ಲಿ ವಯಸ್ಸಾದ ಅಮೆರಿಕನ್ ದಂಪತಿ ಇದ್ದರು. ಆ ಅಜ್ಜ ನನ್ನ ಮುಖ ನೋಡಿಯೇ ವಿಷಯ ಊಹಿಸಿದರು ಅಂತ ಕಾಣುತ್ತೆ. ಒಂದು ಹಳೇ ಮೀನಿನ ಗಾಳದ ಪೆಟ್ಟಿಗೆ ಹಿಡಿದುಕೊಂಡು ಬಂದರು. ಅದರ ತುಂಬ ಪ್ಲಗ್ಗುಗಳು.

ಅವರು ಹೇಳಿಕೊಟ್ಟ ಕೆಲಸವನ್ನೇ ಇವತ್ತಿಗೂ ಮಾಡುತ್ತೇನೆ. ಸುಟ್ಟ ಪ್ಲಗ್ಗನ್ನು ಕತ್ತರಿಸಿ ತೆಗೆಯುವುದು. ಒಳಗಿನ ತಾಮ್ರ ಕಪ್ಪಾಗಿದ್ದರೆ, ಹೊಳೆಯುವ ತಾಮ್ರ ಕಾಣುವವರೆಗೂ ಕೇಬಲ್ ಇನ್ನಷ್ಟು ಕತ್ತರಿಸುವುದು. ಹಸಿರು ತಂತಿ ಅರ್ತಿಂಗಿಗೆ, ಬಿಳಿ ಬೆಳ್ಳಿ ಬಣ್ಣದ ಸ್ಕ್ರೂಗೆ, ಕಪ್ಪು ಹಿತ್ತಾಳೆ ಬಣ್ಣದ ಸ್ಕ್ರೂಗೆ. ನಮ್ಮೂರಿನ ಕೆಂಪು, ಕಪ್ಪು, ಹಸಿರು ತಲೆಯಲ್ಲಿಟ್ಟುಕೊಂಡು ಇಲ್ಲಿ ಕೈ ಹಾಕಬೇಡಿ. ಊರಲ್ಲಿ ಕಪ್ಪು ಅಂದರೆ ನ್ಯೂಟ್ರಲ್, ಇಲ್ಲಿ ಅದೇ ಕಪ್ಪು ಹೊಡೆಯುವ ತಂತಿ.

ಹೊಸ ಪ್ಲಗ್ ಬಂತು, ಆದರೆ ಕಂಬದ 30 ಆಂಪ್ ಸಾಕೆಟ್ಟೇ ಸುಟ್ಟಿತ್ತಲ್ಲ! ಅಜ್ಜ ಪೆಟ್ಟಿಗೆಯಿಂದ ಡಾಗ್‌ಬೋನ್ ತೆಗೆದರು. ಎರಡು ತುದಿಯಲ್ಲಿ ದಪ್ಪ ಪ್ಲಗ್ಗು, ನಡುವೆ ಗೇಣುದ್ದದ ಕೇಬಲ್. ನಿಜಕ್ಕೂ ನಾಯಿ ಕಚ್ಚಿಕೊಂಡ ಮೂಳೆಯ ಹಾಗೇ ಇರುತ್ತದೆ. ಒಂದು ತುದಿ ಕಂಬದ 50 ಆಂಪ್ ಸಾಕೆಟ್ಟಿಗೆ, ಇನ್ನೊಂದು ನಮ್ಮ 30 ಆಂಪ್ ಕೇಬಲ್ಲಿಗೆ. ನಾಲ್ಕು ಕಾಲಿನ ಆ 50 ಆಂಪ್ ಸಾಕೆಟ್ಟನ್ನು ದೊಡ್ಡ ಬಸ್ಸಿನಂಥ ಗಾಡಿಯವರೇ ಹೆಚ್ಚಾಗಿ ಬಳಸುವುದು. ಹಾಗಾಗಿ ಅಲ್ಲಿ ಅದು ಗಟ್ಟಿಯಾಗಿತ್ತು. ಹಾಗಂತ ನಮಗೇನೂ ಜಾಸ್ತಿ ಕರೆಂಟ್ ಸಿಗುವುದಿಲ್ಲ. ಟ್ರೇಲರಿನ ಒಳಗಿನ ಮೇನ್ ಬ್ರೇಕರ್ 30 ಆಂಪಿನದೇ.

ಈಗ ನನ್ನದೇ ಡಬ್ಬಿ ಇದೆ. 50ರಿಂದ 30ಕ್ಕೆ ಇಳಿಸುವ ಡಾಗ್‌ಬೋನ್ ಎರಡು, ಸ್ಕ್ರೂ ಹಾಕಿ ಕೂರಿಸುವ 30 ಆಂಪ್ ಪ್ಲಗ್ ಒಂದು, ಸ್ಕ್ರೂಡ್ರೈವರ್, ವೈರ್ ಕಟ್ಟರ್, ಮಲ್ಟಿಮೀಟರ್. 30 ಆಂಪಿನ 25 ಅಡಿ ಎಕ್ಸ್‌ಟೆನ್ಷನ್ ಬೇರೆ ಇದೆ. ಅದು 10 ಗೇಜಿನದು, ಹೆಬ್ಬಾವಿನ ಹಾಗೆ ದಪ್ಪ. ಇಲ್ಲಿ ಗೇಜ್ ನಂಬರ್ ಕಮ್ಮಿಯಾದಷ್ಟೂ ತಂತಿ ದಪ್ಪ, ಅದನ್ನು ತಿಳಿಯದೆ ನಾನು ಮೊದಲು 16 ಗೇಜಿನದು ಕೊಂಡು ದಂಡ ಮಾಡಿಕೊಂಡಿದ್ದೆ.

ಮನೆಯ ಮಾಮೂಲಿ 15 ಆಂಪ್ ಸಾಕೆಟ್ಟಿಗೆ ಹಾಕುವ ಅಡಾಪ್ಟರ್ ಕೂಡ ಬೇಕೇ ಬೇಕು. ಸ್ನೇಹಿತರ ಮನೆಯ ಮುಂದೆ ಟ್ರೇಲರ್ ನಿಲ್ಲಿಸಿದಾಗ ಬ್ಯಾಟರಿ ಚಾರ್ಜು, ದೀಪ, ಫ್ರಿಜ್ಜಿಗೆ ಅಷ್ಟು ಸಾಕು. ಎಸಿ ಆಸೆ ಬಿಡಬೇಕು. ಇಂಡಕ್ಷನ್ ಒಲೆಯಂತೂ ಬೇಡ, 1,800 ವ್ಯಾಟಿನ ಒಲೆ ಒಂದೇ ಆ 15 ಆಂಪನ್ನು ಪೂರ್ತಿ ನುಂಗುತ್ತದೆ.

ಎರಡು ಸಾಕೆಟ್ ಸೇರಿಸಿ 50 ಆಂಪ್ ಗಾಡಿಗೆ ಕೊಡುವ ವೈ ಆಕಾರದ ಅಡಾಪ್ಟರ್ ಸಿಗುತ್ತದೆ. ನಾನು ಇಟ್ಟುಕೊಂಡಿಲ್ಲ. ಕಂಬದ 15-20 ಆಂಪ್ ಸಾಕೆಟ್ಟಿಗೆ ಜಿಎಫ್‌ಸಿಐ, ಅಂದರೆ ಕರೆಂಟ್ ಸೋರಿದರೆ ಕಡಿದುಹಾಕುವ ರಕ್ಷಣೆ, ಇದ್ದರೆ ಅದು ಹಾಕಿದ ತಕ್ಷಣ ಟ್ರಿಪ್ ಆಗುತ್ತದೆ.

ಮನೆಯಲ್ಲೇ 30 ಆಂಪ್ ಸಾಕೆಟ್ ಹಾಕಿಸುವವರಿಗೆ ಒಂದು ಮಾತು. ಅದು ನೋಡಲು ಬಟ್ಟೆ ಒಣಗಿಸುವ ಡ್ರೈಯರಿನ ಹಳೇ ಸಾಕೆಟ್ಟಿನ ಹಾಗೇ ಇರುತ್ತದೆ. ಕೆಲವು ಎಲೆಕ್ಟ್ರಿಷಿಯನ್‌ಗಳು ಅಭ್ಯಾಸಬಲದಿಂದ 240 ವೋಲ್ಟ್ ಕೊಟ್ಟುಬಿಡುತ್ತಾರೆ. ಬೇಕಾಗಿರುವುದು 120. ನನ್ನ ಪರಿಚಯದವರೊಬ್ಬರ ಮೈಕ್ರೋವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಎರಡೂ ಒಂದೇ ಕ್ಷಣದಲ್ಲಿ ಹೊಗೆಯಾದವು. ಮೊದಲು ಮಲ್ಟಿಮೀಟರ್ ಇಟ್ಟು ನೋಡಿ, ಆಮೇಲೆ ಪ್ಲಗ್ ಹಾಕಿ.

ಯೂಟಾದಿಂದ ಬಂದ ಮೇಲೆ ಸುಮಾರು 300 ಡಾಲರ್ ಕೊಟ್ಟು ಒಂದು ಇಎಂಎಸ್, ಅಂದರೆ ಕರೆಂಟಿನ ಕಾವಲುಗಾರ ಪೆಟ್ಟಿಗೆ, ಕೊಂಡೆ. ಕಂಬಕ್ಕೂ ಕೇಬಲ್ಲಿಗೂ ನಡುವೆ ಕೂರುತ್ತದೆ. ಅರ್ತಿಂಗ್ ಇದೆಯಾ, ತಂತಿ ಅದಲುಬದಲು ಆಗಿದೆಯಾ ಅಂತ ನೋಡಿ, ಸುಮಾರು ಎರಡು ನಿಮಿಷ ಕಾದು ಕರೆಂಟ್ ಬಿಡುತ್ತದೆ. ಆ ಎರಡು ನಿಮಿಷ ಎಸಿ ಕಂಪ್ರೆಸರಿನ ಒಳ್ಳೆಯದಕ್ಕೆ. ನನ್ನದು ವೋಲ್ಟೇಜ್ 104ಕ್ಕಿಂತ ಇಳಿದರೆ ಅಥವಾ 132ಕ್ಕಿಂತ ಏರಿದರೆ ಕಡಿದುಹಾಕುತ್ತದೆ. ನಮ್ಮೂರಲ್ಲಿ ಫ್ರಿಜ್ ಪಕ್ಕ ಗುಂಯ್ ಅನ್ನುತ್ತಿತ್ತಲ್ಲ ಸ್ಟೆಬಿಲೈಸರ್, ಇದು ಅದರ ತರಹ ವೋಲ್ಟೇಜ್ ಎತ್ತಿಕೊಡುವುದಿಲ್ಲ. ಬಿಸಿಲಿಗೆ ಎಲ್ಲರೂ ಎಸಿ ಹಾಕಿಕೊಂಡು ವೋಲ್ಟೇಜ್ ಬಿದ್ದ ಮಧ್ಯಾಹ್ನ, ನಾವೊಬ್ಬರೇ ಬೆವರು ಒರೆಸುತ್ತಾ ಕೂತದ್ದೂ ಉಂಟು. ಆದರೆ ಸಡಿಲ ಸಾಕೆಟ್ಟಿನ ಕಾವು ಇದಕ್ಕೂ ತಿಳಿಯುವುದಿಲ್ಲ. ಅದಕ್ಕೆ ಎಸಿ ಹಾಕಿ ಅರ್ಧ ಗಂಟೆ ಆದ ಮೇಲೆ ಹೋಗಿ ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸಾಕೆಟ್ ಬದಲು.

ಹೋಗುವ ಜಾಗದಲ್ಲಿ ಹುಕಪ್, ಅಂದರೆ ಟ್ರೇಲರಿಗೆ ಕರೆಂಟು, ನೀರಿನ ಸಂಪರ್ಕ, ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ಯೊಸೆಮಿಟಿ ಪಾರ್ಕಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕಪ್ಪೇ ಇಲ್ಲ. ಅಲ್ಲಿಗೆ ಈ ಡಬ್ಬಿ ಹೊತ್ತುಕೊಂಡು ಹೋದದ್ದಕ್ಕೆ ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ನೀರಿನ ಸಾಮಾನಿಗೆ ಬೇರೆ ಡಬ್ಬಿ. ಕುಡಿಯುವ ನೀರಿಗೆಂದೇ ಇರುವ ಹೋಸು, ನಾಲ್ಕಾರು ರಬ್ಬರ್ ವಾಷರ್, ಪ್ರೆಷರ್ ರೆಗ್ಯುಲೇಟರ್. ಸೆಪ್ಟಿಕ್ ಕಡೆಯ ಪೈಪು, ಎಲ್ಬೋ, ಕೈಗವಸು ಮೂರನೆಯದರಲ್ಲಿ. ಅದನ್ನು ಮಾತ್ರ ಉಳಿದ ಎರಡರ ಹತ್ತಿರವೂ ಇಡುವುದಿಲ್ಲ. ರೆಗ್ಯುಲೇಟರ್ ಬೆರಳುದ್ದದ ಹಿತ್ತಾಳೆ ತುಂಡು, ನಲ್ಲಿಗೆ ತಿರುಪಿದರೆ ಒತ್ತಡವನ್ನು 40-50 ಪಿಎಸ್‌ಐಗೆ ಇಳಿಸಿ ಟ್ರೇಲರಿನ ಪ್ಲಾಸ್ಟಿಕ್ ಪೈಪುಗಳನ್ನು ಉಳಿಸುತ್ತದೆ. ಹೊರಡುವ ಗಡಿಬಿಡಿಯಲ್ಲಿ ಅದು ನಲ್ಲಿಯಲ್ಲೇ ಉಳಿದುಬಿಡುತ್ತದೆ. ಪ್ಲಗ್ಗುಗಳನ್ನು ಇಷ್ಟು ಜೋಪಾನ ಮಾಡುವ ನಾನು ಈವರೆಗೆ ಮೂರು ರೆಗ್ಯುಲೇಟರ್ ಹಾಗೆ ಬಿಟ್ಟು ಬಂದಿದ್ದೇನೆ.