ಮನೆಯಲ್ಲಿ ಯಾರಿಗಾದರೂ ಇಲ್ಲದ ದನಿ ಕೇಳಿಸುತ್ತಿದ್ದರೆ ಏನು ಮಾಡಬೇಕು

"ಯಾರೂ ಮಾತಾಡ್ತಿಲ್ಲ, ಸುಮ್ನೆ ಇರು" ಅಂತ ದಯವಿಟ್ಟು ಗದರಿಸಬೇಡಿ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಿಗೆ ಆ ದನಿ ನಿಜವಾಗಿಯೂ ಕೇಳಿಸುತ್ತದೆ.

ನಾವೆಲ್ಲ ಮನಸ್ಸಿನೊಳಗೇ ಮಾತಾಡಿಕೊಳ್ಳುತ್ತೇವೆ ಅಲ್ವಾ? ಆಗ ಮೆದುಳಿನಲ್ಲಿ ಮಾತು ಹುಟ್ಟುವ ಭಾಗ, ಮಾತು ಕೇಳಿಸಿಕೊಳ್ಳುವ ಭಾಗಕ್ಕೆ "ಇದು ನಂದೇ" ಅಂತ ಮೊದಲೇ ತಿಳಿಸಿರುತ್ತದೆ. ಇವೆರಡರ ನಡುವಿನ ಸಂಪರ್ಕ ಹದ ತಪ್ಪಿದರೆ ಆ ಸುದ್ದಿ ಸರಿಯಾಗಿ ತಲುಪುವುದಿಲ್ಲ, ತನ್ನದೇ ಮಾತು ಬೇರೆ ಯಾರೋ ಆಡಿದ ಹಾಗೆ ಕೇಳಿಸುತ್ತದೆ ಅನ್ನುವುದು ವಿಜ್ಞಾನಿಗಳು ಕೊಡುವ ಒಂದು ಮುಖ್ಯ ವಿವರಣೆ. 1993ರಲ್ಲಿ ಲಂಡನ್ನಿನ ಸಂಶೋಧಕರು ಈ ಕಾಯಿಲೆ ಇರುವವರಿಗೆ ದನಿ ಕೇಳುತ್ತಿರುವಾಗಲೇ ಅವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮಾತು ಹುಟ್ಟುವ ಬ್ರೋಕಾ ಭಾಗದಲ್ಲಿ ರಕ್ತದ ಹರಿವು ಜಾಸ್ತಿ ಇತ್ತು. ಹಾಗಾಗಿ ಇದು ನಾಟಕವೂ ಅಲ್ಲ, ಹಠವೂ ಅಲ್ಲ.

"ನನಗೆ ಕೇಳಿಸ್ತಿಲ್ಲ, ಆದರೆ ನಿನಗೆ ಕೇಳಿಸ್ತಿದೆ ಅಂತ ಗೊತ್ತು" ಅನ್ನಿ. ಯಾರ ದನಿ, ಯಾವ ಹೊತ್ತಿಗೆ, ಏನು ಹೇಳುತ್ತದೆ ಅಂತ ಮೆಲ್ಲಗೆ ಕೇಳಿ, ಡಾಕ್ಟರಿಗೆ ತೋರಿಸಲು ಅವರು ಹೇಳಿದ ಹಾಗೇ ಪುಸ್ತಕದಲ್ಲಿ ಬರೆದಿಡಿ. "ತೀರಿಹೋದ ಮಾವ ಅಂಗಳದಿಂದ ಕರೀತಾರೆ, ಮಳೆ ಬಂತು ಅಡಿಕೆ ಒಳಗೆ ಹಾಕು ಅಂತಾರೆ" ಅಂದರೆ ಅಷ್ಟನ್ನೂ ಬರೆಯಿರಿ. ಕೇರಳದ ಬದಿಯಡ್ಕ, ಪೆರ್ಲ ಕಡೆಯ ನಮ್ಮಂಥ ಕನ್ನಡದವರು ಕಾಸರಗೋಡಿನಲ್ಲಿ ಡಾಕ್ಟರಿಗೆ ಮಲಯಾಳದಲ್ಲಿ ಹೇಳಲು ಹೋಗಿ ಅರ್ಧ ನುಂಗಿಬಿಡುತ್ತೇವೆ. ಅದು ಕಷ್ಟ ಅನಿಸಿದರೆ ಕನ್ನಡವೋ ತುಳುವೋ ಬರುವ ಮನೋವೈದ್ಯರನ್ನೇ ಹುಡುಕಿ, ಮಂಗಳೂರಿಗೆ ಹೋಗಬೇಕಾದರೂ ಸರಿ.

ದೈವದ ಮೇಲೆ ನಂಬಿಕೆ ಇದ್ದರೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ನನ್ನದೇನೂ ತಕರಾರಿಲ್ಲ. ಅದಕ್ಕಾಗಿ ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮಾತ್ರೆಯ ಪೂರ್ತಿ ಪರಿಣಾಮ ಕಾಣಲು ವಾರಗಳೇ ಬೇಕು, ಹುಷಾರಾಯಿತು ಅಂತ ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸುವುದು ತುಂಬಾ ಸಾಮಾನ್ಯ. 2020ರಲ್ಲಿ ಕೊರೊನಾ ಹೊತ್ತಿಗೆ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರ ಪಾಡು ಏನಾಯಿತು ನೆನಪಿದೆಯಲ್ಲ, ಡಾಕ್ಟರನ್ನು ಕೇಳಿ ಕೆಲವು ದಿನಗಳ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಎರಡು ಬಗೆಯ ಮದ್ದಿಗೂ ದನಿ ಬಗ್ಗದಿದ್ದರೆ ಕ್ಲೋಜಪೈನ್ ಎಂಬ ಮದ್ದಿನ ಬಗ್ಗೆ ಡಾಕ್ಟರನ್ನು ಕೇಳಿ. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು.

ದನಿ ಜೋರಾದಾಗ ಇಯರ್‌ಫೋನಿನಲ್ಲಿ ಹಾಡು ಕೇಳುವುದು, ಗುನುಗುವುದು, ಪೇಪರ್ ಗಟ್ಟಿಯಾಗಿ ಓದುವುದು ಕೆಲವರಿಗೆ ಸಹಾಯ ಮಾಡುತ್ತದೆ. ನಿದ್ದೆ ಕೆಡದಂತೆ ನೋಡಿಕೊಳ್ಳಿ. ಗಾಂಜಾ ಬೇಡವೇ ಬೇಡ.

"ಸಾಯಿ" ಅಥವಾ "ಅವನನ್ನು ಹೊಡಿ" ಅಂತ ದನಿ ಹೇಳುತ್ತಿದ್ದರೆ ಕಾಯಬೇಡಿ. ಒಬ್ಬರೇ ಇರಲು ಬಿಡಬೇಡಿ, ಕತ್ತಿ ಮತ್ತು ತೋಟಕ್ಕೆ ಬಿಡುವ ಮದ್ದು ಕೈಗೆ ಸಿಗದಂತೆ ಇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ಮಾಡುವುದೆಂದು ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಉಚಿತ.